ಕರೆಂಟ್ ಹೋಗಿ ಬಂದ ಮೇಲೆ ಡಿಸ್ಕಿನ ಹೆಸರು ಬದಲಾದರೆ

ಬಾಗಲವಾಡದಲ್ಲೋ ಮಾನ್ವಿಯಲ್ಲೋ ಮದುವೆ, ಸೀಮಂತ, ಜಾತ್ರೆಗಳ ಫೋಟೋ ತೆಗೆಯುವ ಒಂದು ಸ್ಟುಡಿಯೊ ಇದೆ ಎಂದುಕೊಳ್ಳಿ. ಅಲ್ಲಿಯ ಕಂಪ್ಯೂಟರಿನಲ್ಲಿ ಲಿನಕ್ಸ್ ಇದೆ. ಒಳಗೆ ಮೂರು ಡಿಸ್ಕ್. ಲಿನಕ್ಸ್ ಕೂತಿರುವ ಚಿಕ್ಕ ಎಸ್‌ಎಸ್‌ಡಿ ಒಂದು, ಫೋಟೋ ತುಂಬುವ 4 ಟಿಬಿ ಹಾರ್ಡ್‌ಡಿಸ್ಕ್ ಒಂದು, ಅದರ ನಕಲು ಇಟ್ಟುಕೊಳ್ಳಲು ಅಷ್ಟೇ ದೊಡ್ಡದು ಇನ್ನೊಂದು. ದಿನಾ ರಾತ್ರಿ 11ಕ್ಕೆ ಬ್ಯಾಕಪ್ ತಾನಾಗಿ ಓಡುತ್ತದೆ. ಅಸಲು ಡಿಸ್ಕಿನಲ್ಲಿ ಹೊಸದಾಗಿ ಬಂದದ್ದನ್ನು ನಕಲಿಗೆ ಸೇರಿಸುತ್ತದೆ, ಅಸಲಿನಲ್ಲಿ ಇಲ್ಲದ್ದನ್ನು ನಕಲಿನಿಂದ ಅಳಿಸುತ್ತದೆ. ಎರಡೂ ಬೆಳಗಾಗುವಷ್ಟರಲ್ಲಿ ತದ್ರೂಪು.

ಒಂದು ಸಂಜೆ ಗಾಳಿ-ಮಳೆಗೆ ಕರೆಂಟ್ ಹೋಗುತ್ತದೆ. ಯುಪಿಎಸ್ ಬ್ಯಾಟರಿ ಮುಗಿದು ಕಂಪ್ಯೂಟರ್ ಆರುತ್ತದೆ. ಕರೆಂಟ್ ಬಂದ ಮೇಲೆ ಮತ್ತೆ ಶುರುವಾದಾಗ ಎರಡು ಹಾರ್ಡ್‌ಡಿಸ್ಕ್‌ಗಳ ಹೆಸರು ಅದಲುಬದಲಾಗಿರುತ್ತದೆ. ಪರದೆಯ ಮೇಲೆ ಯಾವ ಎಚ್ಚರಿಕೆಯೂ ಮೂಡುವುದಿಲ್ಲ. ‘ಫೋಟೋ’ ಎಂಬ ಫೋಲ್ಡರ್ ತೆರೆದರೆ ಫೋಟೋಗಳು ಕಾಣುತ್ತವೆ, ಆದರೆ ಅವು ನಕಲು ಡಿಸ್ಕಿನವು, ನಿನ್ನೆ ರಾತ್ರಿಯವರೆಗಿನವು. ರಾತ್ರಿ 11ಕ್ಕೆ ಬ್ಯಾಕಪ್ ತನ್ನ ಕೆಲಸ ತಾನು ಮಾಡುತ್ತದೆ. ನಿನ್ನೆಯ ನಕಲನ್ನು ಅಸಲೆಂದು ನಂಬಿ, ಇವತ್ತು ಹಗಲೆಲ್ಲ ತೆಗೆದ ಮದುವೆಯ ಫೋಟೋಗಳನ್ನು ನಿಜವಾದ ಅಸಲಿನಿಂದ ಅಳಿಸಿಹಾಕುತ್ತದೆ. ಬ್ಯಾಕಪ್‌ ಇಟ್ಟುಕೊಂಡವರ ಫೋಟೋಗಳನ್ನು ಬ್ಯಾಕಪ್ಪೇ ನುಂಗಿರುತ್ತದೆ.

ತಾಳಿ ಕಟ್ಟಿದ ಗಳಿಗೆಯನ್ನು ಮತ್ತೆ ತೆಗೆಯಲು ಬರುವುದಿಲ್ಲ. ಈ ಅಪಾಯ ತಪ್ಪಿಸಲು ದುಡ್ಡು ಬೇಕಿಲ್ಲ, ಹೊಸ ಸಾಮಾನು ಬೇಕಿಲ್ಲ. ಒಂದು ಫೈಲಿನಲ್ಲಿ ಒಂದೆರಡು ಸಾಲು ತಿದ್ದಿದರೆ ಆಯಿತು. ಸ್ಟುಡಿಯೊ, ಡಿಟಿಪಿ ಅಂಗಡಿ, ಶಾಲೆಯ ಲ್ಯಾಬ್, ಸಹಕಾರ ಸಂಘದ ಕಚೇರಿ, ಮನೆಯ ಹಳೆಯ ಕಂಪ್ಯೂಟರ್, ಎಲ್ಲಿ ಒಂದಕ್ಕಿಂತ ಹೆಚ್ಚು ಡಿಸ್ಕಿನ ಲಿನಕ್ಸ್ ಯಂತ್ರವಿದೆಯೋ ಅಲ್ಲೆಲ್ಲ ಈ ತಿದ್ದುಪಡಿ ಇವತ್ತೇ ಆಗಬೇಕು.

ಮೊದಲೇ ಒಂದು ಮಾತು. ಇಲ್ಲಿ ಆದೇಶಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆದಿದೆ, ನಾವು ಫೋನಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಡುವ ಹಾಗೆ. ಟರ್ಮಿನಲ್ಲಿನಲ್ಲಿ ಇವನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ದೊಡ್ಡಕ್ಷರ ಬೇಕಾದ ಕಡೆ ಹಾಗೆಂದೇ ಹೇಳಿದೆ.

ಹೆಸರು ಯಾಕೆ ನಿಲ್ಲುವುದಿಲ್ಲ

ಲಿನಕ್ಸಿನಲ್ಲಿ ಪ್ರತಿ ಡಿಸ್ಕಿಗೂ /ಡೆವ್ ಫೋಲ್ಡರಿನ ಕೆಳಗೆ ಒಂದು ಹೆಸರು ಇರುತ್ತದೆ. ಮೊದಲು ಸಿಕ್ಕ ಡಿಸ್ಕ್ ಎಸ್‌ಡಿಎ, ಎರಡನೆಯದು ಎಸ್‌ಡಿಬಿ, ಮೂರನೆಯದು ಎಸ್‌ಡಿಸಿ. 26 ಅಕ್ಷರ ಮುಗಿದರೆ ಎಸ್‌ಡಿಎಎ ಎಂದು ಮುಂದುವರಿಯುತ್ತದೆ. ಹೆಸರಿನ ಕೊನೆಗೆ ಬರುವ ಅಂಕಿ ಪಾರ್ಟಿಷನ್ನಿನದು. ಎಸ್‌ಡಿಬಿ1 ಎಂದರೆ ಎರಡನೆಯದಾಗಿ ಸಿಕ್ಕ ಡಿಸ್ಕಿನ ಮೊದಲ ಪಾರ್ಟಿಷನ್. ‘ಸಿಕ್ಕ’ ಎಂಬುದನ್ನು ಗಮನಿಸಿ. ಲಿನಕ್ಸಿನ ತಿರುಳಾದ ಕರ್ನಲ್ ಈ ಅಕ್ಷರವನ್ನು ಕೊಡುವುದು ಡಿಸ್ಕ್ ತನಗೆ ಕಂಡ ಸರದಿಯ ಮೇಲೆ. ಅದು ಯಾವ ಕಂಪನಿಯದು, ಒಳಗೆ ಏನಿದೆ, ನಿನ್ನೆ ಅದರ ಹೆಸರು ಏನಿತ್ತು ಎಂಬುದು ಕರ್ನಲ್ಲಿಗೆ ಬೇಕಿಲ್ಲ.

ಹಳೆಯ ಕಾಲದಲ್ಲಿ ಹೀಗಿರಲಿಲ್ಲ ಎಂದು ಕೆಲವರಿಗೆ ನೆನಪಿರಬಹುದು. ಅಗಲವಾದ ಐಡಿಇ ಕೇಬಲ್ಲಿನ ಕಾಲದಲ್ಲಿ ಡಿಸ್ಕಿನ ಹೆಸರು ಎಚ್‌ಡಿಎ, ಎಚ್‌ಡಿಬಿ ಎಂದಿರುತ್ತಿತ್ತು, ಅದು ಕೇಬಲ್ಲಿನ ಜಾಗಕ್ಕೆ ಕಟ್ಟಿದ ಹೆಸರು. ಮೊದಲ ಕೇಬಲ್ಲಿನ ಮಾಸ್ಟರ್ ಯಾವತ್ತೂ ಎಚ್‌ಡಿಎ, ಎರಡನೆಯ ಕೇಬಲ್ಲಿನ ಮಾಸ್ಟರ್ ಯಾವತ್ತೂ ಎಚ್‌ಡಿಸಿ. ನಡುವೆ ಒಂದನ್ನು ತೆಗೆದರೂ ಉಳಿದವುಗಳ ಹೆಸರು ಕದಲುತ್ತಿರಲಿಲ್ಲ. 2007ರ ಆಸುಪಾಸಿನಲ್ಲಿ ಫೆಡೋರಾ, ಉಬುಂಟು ಮುಂತಾದವು ಹೊಸ ಚಾಲಕ ವ್ಯವಸ್ಥೆಗೆ ಹೊರಳಿದವು. ಅಂದಿನಿಂದ ಐಡಿಇ, ಸಾಟಾ, ಯುಎಸ್‌ಬಿ ಎಲ್ಲವೂ ‘ಎಸ್‌ಡಿ’ ಎಂಬ ಒಂದೇ ಸಾಲಿಗೆ ಬಂದು ನಿಂತವು. ಸಾಲು ಒಂದೇ ಆದದ್ದರಿಂದ ಯಾರು ಮೊದಲು ಬಂದರು ಎಂಬುದೇ ಹೆಸರಾಯಿತು.

ಸರದಿ ಬದಲಾಗಲು ನೂರು ಕಾರಣ. ಹೊಸ ಕರ್ನಲ್‌ಗಳು ಬೇಗ ಶುರುವಾಗಲೆಂದು ಹಲವು ಡಿಸ್ಕ್‌ಗಳನ್ನು ಏಕಕಾಲಕ್ಕೆ ಹುಡುಕುತ್ತವೆ, ಯಾವುದು ಮೊದಲು ಉತ್ತರ ಕೊಟ್ಟರೆ ಅದಕ್ಕೆ ಮೊದಲ ಅಕ್ಷರ. ಹಳೆಯ ಹಾರ್ಡ್‌ಡಿಸ್ಕ್ ತಿರುಗಿ ವೇಗ ಹಿಡಿಯಲು ಕೆಲವು ಸೆಕೆಂಡು ತೆಗೆದುಕೊಳ್ಳುತ್ತದೆ. ಒಂದು ದಿನ ತಡಮಾಡಿದರೆ ಅದರ ಅಕ್ಷರ ಬೇರೆಯವರ ಪಾಲು. ಯಾರೋ ಪೆನ್‌ಡ್ರೈವ್ ಸಿಕ್ಕಿಸಿ ಮರೆತಿರುತ್ತಾರೆ. ಕ್ಯಾಮೆರಾ ಕಾರ್ಡ್ ಓದುವ ರೀಡರ್ ಖಾಲಿ ಇದ್ದರೂ ಒಂದೆರಡು ಅಕ್ಷರ ಹಿಡಿದು ಕೂರುತ್ತದೆ. ಧೂಳು ಹೊಡೆಯಲು ಬಿಚ್ಚಿದವರು ಸಾಟಾ ಕೇಬಲ್ ಪಕ್ಕದ ಸಾಕೆಟ್ಟಿಗೆ ಹಾಕಿರುತ್ತಾರೆ. ರೀಬೂಟ್ ಆಗಲೇಬೇಕೆಂದೂ ಇಲ್ಲ. ಯುಎಸ್‌ಬಿ ಡಿಸ್ಕಿನ ಸಡಿಲ ಕೇಬಲ್ ಒಮ್ಮೆ ಅಲುಗಿ ಸಂಪರ್ಕ ಕಡಿದು ಮತ್ತೆ ಬಂದರೂ ಸಾಕು, ಎಸ್‌ಡಿಬಿ ಆಗಿದ್ದದ್ದು ಎಸ್‌ಡಿಡಿ ಆಗಿಬಿಡಬಹುದು. ಹೊಸ ಲ್ಯಾಪ್‌ಟಾಪಿನ ಎನ್‌ವಿಎಂಇ ಡಿಸ್ಕ್‌ಗಳಿಗೆ ಈ ಕಾಟ ಇಲ್ಲ ಎಂದು ಕೆಲವರು ತಿಳಿದಿದ್ದಾರೆ. ಅವುಗಳ ಹೆಸರಿನಲ್ಲಿರುವ 0, 1 ಅಂಕಿಗಳೂ ಸರದಿಯವೇ. ಎರಡು ಎನ್‌ವಿಎಂಇ ಇರುವ ಯಂತ್ರದಲ್ಲಿ ಅವೂ ಅದಲುಬದಲಾಗುತ್ತವೆ.

ಇದು ದೋಷವೇನೂ ಅಲ್ಲ. ಈ ಹೆಸರು ಕಾಯಂ ಎಂದು ಕರ್ನಲ್ ಯಾವತ್ತೂ ಮಾತು ಕೊಟ್ಟಿಲ್ಲ. ಕಾಯಂ ಹೆಸರು ಬೇಕೆಂದವರಿಗೆ ಬೇರೆ ದಾರಿ ಇದೆ. ಗ್ರೆಗ್ ಕ್ರೋಹ್-ಹಾರ್ಟ್‌ಮನ್ 2003ರಲ್ಲಿ ‘ಯುಡೆವ್’ ಎಂಬ ಕಾರ್ಯಕ್ರಮವನ್ನು ಹೊರತಂದರು. ಕರ್ನಲ್ ಹೊಸ ಡಿಸ್ಕ್ ಕಂಡೊಡನೆ ಯುಡೆವ್ ಅದರ ಗುರುತುಗಳನ್ನೆಲ್ಲ ಓದಿ, /ಡೆವ್/ಡಿಸ್ಕ್ ಎಂಬ ಫೋಲ್ಡರಿನಲ್ಲಿ ಆ ಗುರುತಿನ ಹೆಸರಿನಿಂದಲೇ ಒಂದೊಂದು ಕೊಂಡಿ ಮಾಡಿಡುತ್ತದೆ. ಡಿಸ್ಕ್ ಇವತ್ತು ಎಸ್‌ಡಿಬಿ ಆಗಲಿ ನಾಳೆ ಎಸ್‌ಡಿಸಿ ಆಗಲಿ, ಕೊಂಡಿಯ ಹೆಸರು ಅದೇ. ಅದು ತೋರಿಸುವ ಕಡೆ ಮಾತ್ರ ತಾನಾಗಿ ತಿದ್ದಿಕೊಳ್ಳುತ್ತದೆ. ಇವತ್ತಿನ ಬಹುತೇಕ ಲಿನಕ್ಸ್‌ಗಳಲ್ಲಿ ಇದು ಮೊದಲೇ ಇರುತ್ತದೆ, ನಾವು ಬಳಸಿಕೊಂಡರೆ ಆಯಿತು.

ಹೊಲದ ವ್ಯವಹಾರ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ‘ಕಾಲುವೆಯಿಂದ ಎರಡನೇ ಹೊಲ’ ಎಂದು ಮಾತಿಗೆ ಹೇಳಬಹುದು, ಖರೀದಿ ಪತ್ರದಲ್ಲಿ ಬರೆಯುವುದು ಸರ್ವೆ ನಂಬರ್ ಮತ್ತು ಹಿಸ್ಸಾ. ಎಸ್‌ಡಿಬಿ ಎಂಬುದು ಮಾತಿನ ಹೆಸರು. ಒಂದು ಫೈಲಿನಲ್ಲಿ ಬರೆದಿಟ್ಟು ನಾಳೆಯೂ ನಂಬಬೇಕಾದದ್ದಕ್ಕೆ ಪಹಣಿಯ ಹೆಸರೇ ಬೇಕು.

ಯಾವ ಗುರುತು ಯಾವುದಕ್ಕೆ

/ಡೆವ್/ಡಿಸ್ಕ್ ಒಳಗೆ ಹೋಗಿ ನೋಡಿದರೆ ಬೈ-ಯುಯುಐಡಿ, ಬೈ-ಲೇಬಲ್, ಬೈ-ಐಡಿ, ಬೈ-ಪಾತ್, ಬೈ-ಪಾರ್ಟ್‌ಯುಯುಐಡಿ ಎಂದು ಹಲವು ಫೋಲ್ಡರುಗಳು ಕಾಣುತ್ತವೆ. ಎಲ್ಲವೂ ಕಾಯಂ ಹೆಸರುಗಳೇ, ಆದರೆ ಒಂದೊಂದು ಕಟ್ಟಿಕೊಂಡಿರುವುದು ಒಂದೊಂದಕ್ಕೆ.

ಯುಯುಐಡಿ ಎಂಬುದು ಫೈಲ್ ಸಿಸ್ಟಮ್ಮಿನ ಗುರುತು. ಪಾರ್ಟಿಷನ್ನನ್ನು ಫಾರ್ಮ್ಯಾಟ್ ಮಾಡಿದ ಗಳಿಗೆಯಲ್ಲಿ ಹುಟ್ಟುತ್ತದೆ, ಫೈಲ್ ಸಿಸ್ಟಮ್ಮಿನ ಒಳಗೇ ಬರೆದಿರುತ್ತದೆ. ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್‌ಗಳಲ್ಲಿ ಇದು 128 ಬಿಟ್ಟಿನ ಸಂಖ್ಯೆ, ಬರೆದರೆ ನಡುವಿನ ಗೆರೆಗಳೂ ಸೇರಿ 36 ಅಕ್ಷರ. ವಿಂಡೋಸಿನ ಎನ್‌ಟಿಎಫ್‌ಎಸ್ ಡಿಸ್ಕಿನಲ್ಲಿ 16 ಅಕ್ಷರ, ಪೆನ್‌ಡ್ರೈವಿನ ಫ್ಯಾಟ್‌ನಲ್ಲಿ ನಾಲ್ಕು-ನಾಲ್ಕಾಗಿ ಒಡೆದ 8 ಅಕ್ಷರ. ಡಿಸ್ಕನ್ನು ಬೇರೆ ಸಾಕೆಟ್ಟಿಗೆ, ಬೇರೆ ಕಂಪ್ಯೂಟರಿಗೆ, ಯುಎಸ್‌ಬಿ ಡಬ್ಬಿಗೆ ಹಾಕಿದರೂ ಅದು ಬದಲಾಗುವುದಿಲ್ಲ. ಮತ್ತೆ ಫಾರ್ಮ್ಯಾಟ್ ಮಾಡಿದರೆ ಅಥವಾ ಬೇಕೆಂದೇ ನಾವು ಬದಲಿಸಿದರೆ ಮಾತ್ರ ಹೊಸದು ಬರುತ್ತದೆ. ಯಂತ್ರದ ಒಳಗೇ ಕಾಯಂ ಇರುವ ಡಿಸ್ಕ್‌ಗಳಿಗೆ ನನ್ನ ಆಯ್ಕೆ ಇದೇ.

ಲೇಬಲ್ ಎಂದರೆ ನಾವೇ ಇಡುವ ಹೆಸರು. ಓದಲು ಸುಲಭ, ಫೋನಿನಲ್ಲಿ ಹೇಳಲು ಸುಲಭ, ತಿಂಗಳಿಗೊಂದರಂತೆ ಬದಲಿಸಿ ಹಾಕುವ ಬ್ಯಾಕಪ್ ಡಿಸ್ಕ್‌ಗಳಿಗೆ ಹೇಳಿ ಮಾಡಿಸಿದ್ದು. ಆದರೆ ಎರಡು ಡಿಸ್ಕಿಗೆ ಒಂದೇ ಲೇಬಲ್ ಬೀಳದಂತೆ ನೋಡಿಕೊಳ್ಳುವ ಹೊಣೆ ನಮ್ಮದು. ‘ಡೇಟಾ’, ‘ಬ್ಯಾಕಪ್’ ಎಂಬ ಹೆಸರನ್ನು ಊರಿನ ಅರ್ಧ ಡಿಸ್ಕ್‌ಗಳು ಹೊತ್ತಿರುತ್ತವೆ, ಅಂಥವನ್ನು ಬಿಡಿ. ಅಂಗಡಿಯ ಹೆಸರಿನ ಎರಡಕ್ಷರ, ವರ್ಷ, ಅಸಲೋ ನಕಲೋ ಎಂಬುದು ಬರುವಂತೆ ಇಡಿ.

ಲೇಬಲ್ಲನ್ನು ಕನ್ನಡದಲ್ಲೇ ಇಡಬಹುದೇ ಎಂದು ಕೇಳುವವರಿಗೆ ಉತ್ತರ: ಇಡಬಹುದು, ಜಾಗ ಸಾಲಬೇಕು. ಇಎಕ್ಸ್‌ಟಿ4ರ ಲೇಬಲ್ಲಿಗೆ 16 ಬೈಟ್ ಜಾಗ, ಎಕ್ಸ್‌ಎಫ್‌ಎಸ್‌ಗೆ 12. ಯುನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಪ್ರತಿ ಕಾಗುಣಿತ ಚಿಹ್ನೆಗೂ ಮೂರು ಮೂರು ಬೈಟ್ ಖರ್ಚು. ‘ಫೋಟೋ’ ಎಂದು ಬರೆದರೆ ಎರಡು ಅಕ್ಷರ, ಎರಡು ಓತ್ವ ಸೇರಿ 12 ಬೈಟ್, ಎರಡರಲ್ಲೂ ಹಿಡಿಯುತ್ತದೆ. ‘ಬಾಗಲವಾಡ’ ಎಂದರೆ 21 ಬೈಟ್, ಎರಡರಲ್ಲೂ ಹಿಡಿಯುವುದಿಲ್ಲ. ಯಂತ್ರ ಶುರುವಾಗದೆ ಕಪ್ಪು ಪರದೆಗೆ ಬಿದ್ದಾಗ ಅಲ್ಲಿ ಕನ್ನಡ ಸರಿಯಾಗಿ ಮೂಡುವುದೂ ಇಲ್ಲ, ಟೈಪ್ ಮಾಡಲೂ ಬರುವುದಿಲ್ಲ. ಆದ್ದರಿಂದ ಹೊರಗಿನ ಇಎಕ್ಸ್‌ಟಿ4 ಡಿಸ್ಕಿಗೆ ಕನ್ನಡ ಹೆಸರು ಚೆಂದ. ಯಂತ್ರ ಶುರುವಾಗುವಾಗ ಬೇಕಾಗುವ ಡಿಸ್ಕಿಗೆ ಇಂಗ್ಲಿಷ್ ಅಕ್ಷರವೇ ಇರಲಿ.

ಬೈ-ಐಡಿ ಎಂಬುದು ಫೈಲ್ ಸಿಸ್ಟಮ್ಮಿಗಲ್ಲ, ಡಿಸ್ಕಿನ ಮೈಗೇ ಸೇರಿದ ಗುರುತು. ಅದರಲ್ಲಿ ಡಿಸ್ಕಿನ ಮಾಡೆಲ್ ಮತ್ತು ಕಂಪನಿ ಹಾಕಿದ ಸೀರಿಯಲ್ ನಂಬರ್ ಇರುತ್ತದೆ. ಡಿಸ್ಕಿನ ಮೇಲಿನ ಸ್ಟಿಕ್ಕರಿನಲ್ಲಿ ಮುದ್ರಿಸಿರುವುದೂ ಅದೇ ನಂಬರ್. ಇಡೀ ಡಿಸ್ಕಿನ ಮೇಲೆ ಮಾಡುವ ಕೆಲಸಗಳಿಗೆ, ಅಂದರೆ ಆರೋಗ್ಯ ಪರೀಕ್ಷೆ, ಪೂರ್ತಿ ನಕಲು, ಒರೆಸಿಹಾಕುವುದು, ಪಾರ್ಟಿಷನ್ ಮಾಡುವುದು, ಇದನ್ನೇ ಬಳಸಬೇಕು. ಡಿಸ್ಕನ್ನು ಇದ್ದಂತೆ ನಕಲಿಸುವ ‘ಡಿಡಿ’ ಆದೇಶದಲ್ಲಿ ಎಸ್‌ಡಿಬಿ ಬದಲು ಎಸ್‌ಡಿಸಿ ಎಂದು ಒಂದಕ್ಷರ ತಪ್ಪಿದರೆ ಅದು ಕೇಳದೆ ಹೇಳದೆ ಬೇರೆ ಡಿಸ್ಕಿನ ಮೇಲೆ ಬರೆಯಲು ಶುರುಮಾಡುತ್ತದೆ. ಮಾಡೆಲ್ಲೂ ಸೀರಿಯಲ್ಲೂ ಇರುವ ಉದ್ದನೆಯ ಹೆಸರು ಟೈಪ್ ಮಾಡುವಾಗ ಕೈ ಒಂದು ಕ್ಷಣ ನಿಲ್ಲುತ್ತದೆ, ಕಣ್ಣು ಇನ್ನೊಮ್ಮೆ ಓದುತ್ತದೆ.

ಬೈ-ಐಡಿಯಲ್ಲಿ ಎರಡು ತೊಡಕು ಉಂಟು. ಸಾಟಾ ಸಾಕೆಟ್ಟಿನಲ್ಲಿದ್ದಾಗ ‘ಎಟಿಎ’ ಎಂದು ಶುರುವಾಗುವ ಹೆಸರು, ಅದೇ ಡಿಸ್ಕನ್ನು ಯುಎಸ್‌ಬಿ ಡಬ್ಬಿಗೆ ಹಾಕಿದರೆ ‘ಯುಎಸ್‌ಬಿ’ ಎಂದು ಶುರುವಾಗಬಹುದು. ಅಗ್ಗದ ಕೆಲವು ಡಬ್ಬಿಗಳು ಡಿಸ್ಕಿನ ನಿಜವಾದ ಸೀರಿಯಲ್ಲನ್ನು ಮುಚ್ಚಿ ತಮ್ಮದೇ ಒಂದು ನಂಬರ್ ತೋರಿಸುತ್ತವೆ, ಒಂದೇ ಬಗೆಯ ಎರಡು ಡಬ್ಬಿ ತಂದರೆ ಎರಡರಲ್ಲೂ ಅದೇ ನಂಬರ್ ಇರುವುದುಂಟು. ಹೊರಗಿನ ಡಬ್ಬಿಯ ಡಿಸ್ಕ್‌ಗಳಿಗೆ ಯುಯುಐಡಿಯೋ ಲೇಬಲ್ಲೋ ಕ್ಷೇಮ.

ಬೈ-ಪಾತ್ ಸಾಕೆಟ್ಟಿಗೆ ಕಟ್ಟಿದ ಹೆಸರು. ಅಲ್ಲಿ ಯಾವ ಡಿಸ್ಕ್ ಹಾಕಿದರೂ ಅದೇ. ಹತ್ತಾರು ಡಿಸ್ಕ್ ಸಾಲಾಗಿ ಕೂತ ಸರ್ವರಿನಲ್ಲಿ ಯಾವ ಗೂಡಿನದು ಕೆಟ್ಟಿತು ಎಂದು ತಿಳಿಯಲು ಅನುಕೂಲ, ಅಂಗಡಿಗೆ ಬೇಡ. ಪಾರ್ಟ್‌ಯುಯುಐಡಿ ಪಾರ್ಟಿಷನ್ ಪಟ್ಟಿಯಲ್ಲಿ ಬರೆದಿರುವ ಗುರುತು, ಫಾರ್ಮ್ಯಾಟ್ ಮಾಡಿದರೂ ಉಳಿಯುತ್ತದೆ. ರಾಸ್ಪ್‌ಬೆರಿ ಪೈ ಬಳಸುವವರು ಅದನ್ನು ದಿನಾ ನೋಡುತ್ತಾರೆ, ಯಾಕೆಂದರೆ ಕರ್ನಲ್ ಬೇರೆಯವರ ನೆರವಿಲ್ಲದೆ ತಾನೇ ಓದಬಲ್ಲ ಗುರುತು ಅದು. ಫೈಲ್ ಸಿಸ್ಟಮ್ಮಿನ ಯುಯುಐಡಿಯಿಂದ ರೂಟನ್ನು, ಅಂದರೆ ಲಿನಕ್ಸ್ ಕೂತಿರುವ ಪಾರ್ಟಿಷನ್ನನ್ನು, ಹುಡುಕಲು ಮಾತ್ರ ಕರ್ನಲ್ ಜೊತೆ ಮೊದಲೇ ತೆರೆದುಕೊಳ್ಳುವ ಇನಿಟ್‌ರಾಮ್‌ಎಫ್‌ಎಸ್ ಎಂಬ ಪುಟ್ಟ ವ್ಯವಸ್ಥೆ ಬೇಕೇ ಬೇಕು.

ಕೆಲಸಕ್ಕೆ ಕೂರೋಣ

ಮೊದಲು ನೋಡುವುದು. ಟರ್ಮಿನಲ್ ತೆರೆದು ಎಲ್‌ಎಸ್‌ಬಿಎಲ್‌ಕೆ ಎಂದು ಟೈಪಿಸಿ, ಒಂದು ಜಾಗ ಬಿಟ್ಟು ಅಡ್ಡಗೆರೆ, ಎಫ್. ಎಲ್ಲ ಡಿಸ್ಕ್‌ಗಳೂ ಅವುಗಳ ಪಾರ್ಟಿಷನ್ನುಗಳೂ ಗಿಡದ ಕೊಂಬೆಯಂತೆ ಮೂಡುತ್ತವೆ. ಪ್ರತಿಯೊಂದರ ಎದುರಿಗೆ ಫೈಲ್ ಸಿಸ್ಟಮ್ಮಿನ ಬಗೆ, ಲೇಬಲ್, ಯುಯುಐಡಿ, ಅದು ಈಗ ಯಾವ ಫೋಲ್ಡರಿನಲ್ಲಿ ಮೌಂಟ್ ಆಗಿದೆ ಎಂಬುದು ಇರುತ್ತದೆ. ಯುಯುಐಡಿ ಖಾಲಿ ಕಂಡರೆ ಸುಡೊ ಹಾಕಿ ಬಿಎಲ್‌ಕೆಐಡಿ ಓಡಿಸಿ. ಯಾವುದು ಅಸಲು, ಯಾವುದು ನಕಲು ಎಂಬುದನ್ನು ಗಾತ್ರ ನೋಡಿ ಊಹಿಸಬೇಡಿ. ಎರಡೂ 4 ಟಿಬಿ ಆಗಿದ್ದರೆ ಮೋಸ ಹೋಗುತ್ತೀರಿ. ಒಳಗಿನ ಫೋಲ್ಡರ್ ತೆರೆದು, ತೀರಾ ಇತ್ತೀಚಿನ ಫೋಟೋ ಯಾವುದರಲ್ಲಿದೆ ಎಂದು ಕಣ್ಣಾರೆ ನೋಡಿ.

ರಾತ್ರಿಯ ಬ್ಯಾಕಪ್ಪನ್ನು ಈ ಕೆಲಸ ಮುಗಿಯುವವರೆಗೆ ನಿಲ್ಲಿಸಿ. ಇದನ್ನು ಮರೆಯಬೇಡಿ.

ತಿದ್ದಬೇಕಾದ ಫೈಲು /ಇಟಿಸಿ/ಎಫ್‌ಎಸ್‌ಟ್ಯಾಬ್. ಕೊನೆಯ ಹೆಸರನ್ನು ಎಫ್-ಎಸ್-ಟಿ-ಎ-ಬಿ ಎಂದು ಟೈಪಿಸಬೇಕು. ಮುಟ್ಟುವ ಮೊದಲು ಅದರ ಒಂದು ಪ್ರತಿ ಬೇರೆ ಹೆಸರಿನಲ್ಲಿ ಅಲ್ಲೇ ಇಟ್ಟುಕೊಳ್ಳಿ. ಆಮೇಲೆ ಸುಡೊ ನ್ಯಾನೊ ಹಾಕಿ ತೆರೆಯಿರಿ. ಒಂದೊಂದು ಸಾಲೂ ಒಂದೊಂದು ಫೈಲ್ ಸಿಸ್ಟಮ್ಮಿನದು, ಪ್ರತಿ ಸಾಲಿಗೆ ಆರು ಮನೆ. ರೂಟ್ ಡಿಸ್ಕಿನ ಸಾಲು ಬಹುಪಾಲು ಈಗಾಗಲೇ ಯುಯುಐಡಿಯಲ್ಲೇ ಇರುತ್ತದೆ, ಲಿನಕ್ಸ್ ಹಾಕುವ ಕಾರ್ಯಕ್ರಮಗಳು ಇದನ್ನು ಬಹಳ ವರ್ಷದಿಂದ ತಾವೇ ಮಾಡುತ್ತಿವೆ. ನಾವು ಆಮೇಲೆ ಕೈಯಿಂದ ಸೇರಿಸಿದ ಸಾಲುಗಳಲ್ಲೇ /ಡೆವ್/ಎಸ್‌ಡಿಬಿ1 ಎಂಬ ಬಗೆಯ ಬರಹ ಅಡಗಿರುತ್ತದೆ. ಅಂಥ ಮೊದಲ ಮನೆಯನ್ನು ಅಳಿಸಿ, ಸಾಲು ಈ ರೂಪಕ್ಕೆ ಬರುವಂತೆ ಮಾಡಿ:

ಯುಯುಐಡಿ=(36 ಅಕ್ಷರದ ಗುರುತು)   /ಎಸ್‌ಆರ್‌ವಿ/ಫೋಟೋಸ್   ಇಎಕ್ಸ್‌ಟಿ4   ಡೀಫಾಲ್ಟ್ಸ್,ನೋಫೇಲ್   0   2

ಯುಯುಐಡಿ ಎಂಬ ನಾಲ್ಕಕ್ಷರ ಮಾತ್ರ ಇಂಗ್ಲಿಷಿನ ದೊಡ್ಡಕ್ಷರದಲ್ಲಿ. ಸಮ ಚಿಹ್ನೆಯ ಆಚೀಚೆ ಜಾಗ ಬಿಡುವಂತಿಲ್ಲ, ಆವರಣ ಚಿಹ್ನೆ ಹಾಕುವಂತಿಲ್ಲ. 36 ಅಕ್ಷರವನ್ನು ಕೈಯಿಂದ ಟೈಪಿಸದೆ ಟರ್ಮಿನಲ್ಲಿನಿಂದ ನಕಲು ಮಾಡಿ ಅಂಟಿಸಿ. ಲೇಬಲ್ ಬಳಸುವವರು ದೊಡ್ಡಕ್ಷರದಲ್ಲಿ ಲೇಬಲ್, ಸಮ ಚಿಹ್ನೆ, ಹೆಸರು ಎಂದು ಬರೆದರೆ ಸರಿ. ಎರಡನೆಯ ಮನೆ ಮೌಂಟ್ ಆಗುವ ಫೋಲ್ಡರ್, ಅದು ಮೊದಲೇ ಇರಬೇಕು. ಐದನೆಯದನ್ನು 0 ಎಂದೇ ಬಿಡಿ. ಆರನೆಯದು ಶುರುವಿನಲ್ಲಿ ಫೈಲ್ ಸಿಸ್ಟಮ್ ಪರೀಕ್ಷೆಯ ಸರದಿ, ರೂಟಿಗೆ 1, ಉಳಿದ ಇಎಕ್ಸ್‌ಟಿ4ಗಳಿಗೆ 2, ಎಕ್ಸ್‌ಎಫ್‌ಎಸ್ ಮತ್ತು ಎನ್‌ಟಿಎಫ್‌ಎಸ್‌ಗೆ 0.

ನಾಲ್ಕನೆಯ ಮನೆಯ ‘ನೋಫೇಲ್’ ಬಗ್ಗೆ ಸ್ವಲ್ಪ ನಿಲ್ಲಬೇಕು. ಇದು ಇಲ್ಲದಿದ್ದರೆ, ಎಫ್‌ಎಸ್‌ಟ್ಯಾಬಿನಲ್ಲಿ ಬರೆದ ಡಿಸ್ಕ್ ಸಿಗದ ದಿನ ಯಂತ್ರ ಸಾಮಾನ್ಯವಾಗಿ 90 ಸೆಕೆಂಡು ಕಾದು, ಆಮೇಲೆ ಪೂರ್ತಿ ಶುರುವಾಗದೆ ‘ಎಮರ್ಜೆನ್ಸಿ ಮೋಡ್’ ಎಂಬ ಕಪ್ಪು ಪರದೆಗೆ ಹೋಗಿ ನಿಲ್ಲುತ್ತದೆ. “ಯಣ್ಣಾ, ಕಂಪ್ಯೂಟರ್ ಸತ್ತೈತಿ ನೋಡು” ಎಂದು ಫೋನ್ ಬರುವುದು ಆಗಲೇ. ಸತ್ತಿರುವುದಿಲ್ಲ, ಒಂದು ಡಿಸ್ಕಿಗಾಗಿ ಕಾದು ಕೂತಿರುತ್ತದೆ. ನೋಫೇಲ್ ಬರೆದರೆ ಡಿಸ್ಕ್ ಇಲ್ಲದಿದ್ದರೂ ಯಂತ್ರ ಶುರುವಾಗುತ್ತದೆ. ಹೊರಗಿನ ಡಿಸ್ಕಿಗಂತೂ ಇದು ಕಡ್ಡಾಯ.

ಆದರೆ ಇದೇ ನೋಫೇಲ್ ಇನ್ನೊಂದು ಗುಂಡಿ ತೋಡುತ್ತದೆ. ಡಿಸ್ಕ್ ಸಿಗದ ದಿನ /ಎಸ್‌ಆರ್‌ವಿ/ಫೋಟೋಸ್ ಎಂಬ ಫೋಲ್ಡರ್ ಇದ್ದೇ ಇರುತ್ತದೆ, ಖಾಲಿಯಾಗಿ. ಅದರೊಳಗೆ ಏನು ಹಾಕಿದರೂ ಚಿಕ್ಕ ಎಸ್‌ಎಸ್‌ಡಿಯಲ್ಲಿ ಹೋಗಿ ತುಂಬುತ್ತದೆ. ರಾತ್ರಿಯ ಬ್ಯಾಕಪ್ ಬಂದು ‘ಅಸಲಿನಲ್ಲಿ ಏನೂ ಇಲ್ಲ’ ಎಂದು ಕಂಡರೆ ನಕಲಿನಲ್ಲಿರುವುದನ್ನೆಲ್ಲ ಅಳಿಸಿ ಅದನ್ನೂ ಖಾಲಿ ಮಾಡುತ್ತದೆ. ಹೆಸರಿನ ತೊಂದರೆ ಕಳೆದುಕೊಂಡು ಇದರಲ್ಲಿ ಬೀಳಬಾರದು.

ಇದಕ್ಕೆ ಮೂರು ಕಾವಲು ಹಾಕಿ. ಡಿಸ್ಕ್ ಮೌಂಟ್ ಆಗಿಲ್ಲದಾಗ ಆ ಖಾಲಿ ಫೋಲ್ಡರಿಗೆ ಸುಡೊ ಜೊತೆ ಸಿಎಚ್‌ಎಟಿಟಿಆರ್ +ಐ ಆದೇಶ ಕೊಟ್ಟರೆ ಅದರೊಳಗೆ ರೂಟ್ ಬಳಕೆದಾರ ಕೂಡ ಒಂದು ಫೈಲ್ ಇಡಲಾರ. ಡಿಸ್ಕ್ ಮಾತ್ರ ಅದರ ಮೇಲೆ ಎಂದಿನಂತೆ ಮೌಂಟ್ ಆಗುತ್ತದೆ. ರೂಟ್ ಡಿಸ್ಕ್ ಇಎಕ್ಸ್‌ಟಿ4 ಆಗಿದ್ದರೆ ಇದು ಚೆನ್ನಾಗಿ ನಡೆಯುತ್ತದೆ. ಎರಡನೆಯದು, ಬ್ಯಾಕಪ್ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲೇ ‘ಮೌಂಟ್‌ಪಾಯಿಂಟ್ -ಕ್ಯೂ’ ಎಂಬ ಆದೇಶದಿಂದ ಎರಡೂ ಫೋಲ್ಡರುಗಳನ್ನು ಪರೀಕ್ಷಿಸಿ, ಯಾವುದಾದರೂ ಮೌಂಟ್ ಆಗಿಲ್ಲದಿದ್ದರೆ ಅಲ್ಲೇ ನಿಲ್ಲುವಂತೆ ಬರೆಯಿರಿ. ಮೂರನೆಯದು ನನಗೆ ಎಲ್ಲಕ್ಕಿಂತ ಹೆಚ್ಚು ಭರವಸೆಯದು. ಅಸಲು ಡಿಸ್ಕಿನ ಒಳಗೆ ‘ಇದು-ಅಸಲು’ ಎಂಬ ಖಾಲಿ ಫೈಲ್, ನಕಲಿನ ಒಳಗೆ ‘ಇದು-ನಕಲು’ ಎಂಬ ಖಾಲಿ ಫೈಲ್ ಇಡಿ. ಫೋಟೋಗಳನ್ನು ಡಿಸ್ಕಿನೊಳಗೆ ಒಂದು ಫೋಲ್ಡರಿನಲ್ಲಿಟ್ಟು, ಈ ಫೈಲನ್ನು ಅದೇ ಡಿಸ್ಕಿನಲ್ಲಿ ಆ ಫೋಲ್ಡರಿನ ಒಂದು ಮೆಟ್ಟಿಲು ಮೇಲೆ ಇಡಿ, ಬ್ಯಾಕಪ್ ಮುಟ್ಟದ ಜಾಗದಲ್ಲಿ. ಸ್ಕ್ರಿಪ್ಟು ಮೊದಲು ಆ ಎರಡು ಫೈಲುಗಳನ್ನು ತಂತಮ್ಮ ಜಾಗದಲ್ಲಿ ನೋಡಿದರೆ ಮಾತ್ರ ಮುಂದೆ ಹೆಜ್ಜೆ ಇಡಲಿ. ಆರ್‌ಸಿಂಕ್ ಬಳಸುವವರು ‘ಮ್ಯಾಕ್ಸ್-ಡಿಲೀಟ್’ ಎಂಬ ಸೌಲಭ್ಯದಿಂದ ಒಂದು ರಾತ್ರಿಗೆ ಇಂತಿಷ್ಟೇ ಫೈಲು ಅಳಿಸಬಹುದು ಎಂಬ ಮಿತಿಯನ್ನೂ ಹಾಕಬಹುದು.

ರೀಬೂಟ್ ಮಾಡುವ ಮೊದಲು ಪರೀಕ್ಷೆ

ಫೈಲ್ ತಿದ್ದಿ ನೇರ ರೀಬೂಟ್ ಮಾಡುವುದು ಬೇಡ. ಮೊದಲು ‘ಫೈಂಡ್‌ಎಂಎನ್‌ಟಿ’ ಎಂಬ ಆದೇಶಕ್ಕೆ ಎರಡು ಅಡ್ಡಗೆರೆ ಹಾಕಿ ‘ವೆರಿಫೈ’ ಸೇರಿಸಿ ಓಡಿಸಿ. ಎಫ್‌ಎಸ್‌ಟ್ಯಾಬನ್ನು ಸಾಲು ಸಾಲಾಗಿ ಓದಿ ಇಲ್ಲದ ಫೋಲ್ಡರ್, ಸಿಗದ ಯುಯುಐಡಿ, ತಪ್ಪಾಗಿ ಬರೆದ ಸಾಲು ಇಂಥವನ್ನು ಹೇಳುತ್ತದೆ. ಆಮೇಲೆ ‘ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್’, ಡೀಮನ್ ಎಂಬುದನ್ನು ಡಿ-ಎ-ಇ-ಎಂ-ಒ-ಎನ್ ಎಂದು ಬಿಡಿಸಿ. ಎಫ್‌ಎಸ್‌ಟ್ಯಾಬ್ ಬದಲಾಗಿದೆ ಎಂದು, ಯಂತ್ರವನ್ನು ಶುರುಮಾಡಿಸುವ ಸಿಸ್ಟಮ್‌ಡಿಗೆ ತಿಳಿಯುವುದು ಇದರಿಂದ. ಕೊನೆಗೆ ಆ ಡಿಸ್ಕನ್ನು ಯುಮೌಂಟ್ ಮಾಡಿ, ಮತ್ತೆ ‘ಮೌಂಟ್ -ಎ’ ಕೊಡಿ. ಯುಮೌಂಟಿನ ಮೊದಲಿಗೆ ಯು ಒಂದೇ, ಎನ್ ಇಲ್ಲ. ದೂರಿಲ್ಲದೆ ಮೌಂಟ್ ಆಗಿ, ಒಳಗೆ ಸರಿಯಾದ ಫೋಟೋಗಳು ಕಂಡರೆ ಸಾಲು ಸರಿಯಾಗಿದೆ.

ಈಗ ಬೇಕೆಂದೇ ಸರದಿ ಕೆಡಿಸಿ ನೋಡುವುದು ಒಳ್ಳೆಯದು. ಎರಡು ಪೆನ್‌ಡ್ರೈವ್ ಸಿಕ್ಕಿಸಿ ರೀಬೂಟ್ ಮಾಡಿ. ಕೈ ಪಳಗಿದವರು ಯಂತ್ರ ಆರಿಸಿ, ಪ್ಲಗ್ ಕಿತ್ತು, ಎರಡು ಹಾರ್ಡ್‌ಡಿಸ್ಕ್‌ಗಳ ಸಾಟಾ ಕೇಬಲ್ ಅದಲುಬದಲು ಮಾಡಿ ನೋಡಲಿ. ಎಲ್‌ಎಸ್‌ಬಿಎಲ್‌ಕೆಯಲ್ಲಿ ಎಸ್‌ಡಿಬಿ, ಎಸ್‌ಡಿಸಿಗಳು ಹೇಗೆ ಬೇಕಾದರೂ ಕುಣಿಯಲಿ, ಫೋಲ್ಡರುಗಳು ತಮ್ಮ ತಮ್ಮ ಡಿಸ್ಕನ್ನೇ ತೋರಿಸಬೇಕು. ತೋರಿಸಿದ ಮೇಲೆಯೇ ರಾತ್ರಿಯ ಬ್ಯಾಕಪ್ಪನ್ನು ಮತ್ತೆ ಚಾಲೂ ಮಾಡಿ.

ಯಂತ್ರ ಈಗಾಗಲೇ ಕಪ್ಪು ಪರದೆಯಲ್ಲಿ ನಿಂತಿದ್ದರೆ ಗಾಬರಿ ಬೇಡ. ರೂಟ್ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ, ‘ಜರ್ನಲ್‌ಸಿಟಿಎಲ್ -ಎಕ್ಸ್‌ಬಿ’ ನೋಡಿ ಯಾವ ಡಿಸ್ಕ್ ಸಿಗಲಿಲ್ಲ ಎಂದು ತಿಳಿದುಕೊಳ್ಳಿ. ಎಫ್‌ಎಸ್‌ಟ್ಯಾಬಿನಲ್ಲಿ ಆ ಸಾಲಿನ ಮೊದಲಿಗೆ ಹ್ಯಾಶ್ ಚಿಹ್ನೆ ಹಾಕಿ ಉಳಿಸಿ, ರೀಬೂಟ್ ಮಾಡಿ. ಫೈಲ್ ಬರೆಯಲು ಬಿಡದಿದ್ದರೆ ‘ಮೌಂಟ್ -ಒ ರಿಮೌಂಟ್,ಆರ್‌ಡಬ್ಲ್ಯು /’ ಎಂದು ಮೊದಲು ಕೊಡಬೇಕು. ರೂಟ್ ಖಾತೆಗೆ ಪಾಸ್‌ವರ್ಡೇ ಇಡದ ಕೆಲವು ಯಂತ್ರಗಳು ಒಳಗೆ ಬಿಡುವುದಿಲ್ಲ. ಆಗ ಲಿನಕ್ಸ್ ಪೆನ್‌ಡ್ರೈವಿನಿಂದ ಶುರುಮಾಡಿ, ಒಳಗಿನ ಡಿಸ್ಕಿನ ಎಫ್‌ಎಸ್‌ಟ್ಯಾಬನ್ನು ಅಲ್ಲಿಂದ ತಿದ್ದಬೇಕು. ಅಂಥ ಒಂದು ಪೆನ್‌ಡ್ರೈವ್ ಅಂಗಡಿಯ ಡ್ರಾಯರಿನಲ್ಲಿ ಯಾವಾಗಲೂ ಇರಲಿ.

ಒಂದೇ ಗುರುತಿನ ಎರಡು ಡಿಸ್ಕ್

ಯುಯುಐಡಿಯನ್ನು ನಂಬಿದವರೂ ಎಡವುವ ಜಾಗ ಒಂದಿದೆ. ಡಿಡಿ ಅಥವಾ ಕ್ಲೋನ್‌ಜಿಲ್ಲಾದಿಂದ ಡಿಸ್ಕನ್ನು ಇದ್ದಂತೆ ನಕಲು ಮಾಡಿದರೆ ಯುಯುಐಡಿಯೂ ಲೇಬಲ್ಲೂ ಜೊತೆಗೇ ನಕಲಾಗುತ್ತವೆ. ಶಾಲೆಯ ಲ್ಯಾಬುಗಳಲ್ಲಿ ಒಂದು ಯಂತ್ರ ಸಜ್ಜುಮಾಡಿ ಉಳಿದವಕ್ಕೆ ನಕಲು ಹಾಕುವುದು ರೂಢಿ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದಂತೆ ಕೇರಳದ ಸರ್ಕಾರಿ ಶಾಲೆಗಳಲ್ಲಿ ‘ಕೈಟ್’ ಸಂಸ್ಥೆ ರೂಪಿಸಿದ ಉಬುಂಟು ಆಧಾರಿತ ಲಿನಕ್ಸ್ ಇದೆ, ಮಕ್ಕಳು ಐಸಿಟಿ ಪಾಠವನ್ನು ಅದರಲ್ಲೇ ಕಲಿಯುತ್ತಾರೆ. ಇಂಥ ಲ್ಯಾಬಿನಲ್ಲಿ ಒಂದೇ ಅಚ್ಚಿನಿಂದ ನಕಲು ಹಾಕಿದ 15 ಯಂತ್ರಗಳಿದ್ದು, 15ರಲ್ಲೂ ಒಂದೇ ಯುಯುಐಡಿ ಇದ್ದರೆ ತೊಂದರೆಯಿಲ್ಲ, ಪ್ರತಿ ಯಂತ್ರಕ್ಕೂ ಕಾಣುವುದು ಅದರದೇ ಡಿಸ್ಕ್. ಕೆಟ್ಟ ಯಂತ್ರದ ಡಿಸ್ಕನ್ನು ಕಿತ್ತು ಇನ್ನೊಂದಕ್ಕೆ ಎರಡನೆಯದಾಗಿ ಹಾಕಿದ ದಿನ ಗೊಂದಲ ಹುಟ್ಟುತ್ತದೆ. ಒಂದೇ ಗುರುತಿನ ಎರಡು ಪಾರ್ಟಿಷನ್, ಯಂತ್ರ ಯಾವುದನ್ನು ಹಿಡಿಯುತ್ತದೋ ಹೇಳಲಾಗದು.

ಆದ್ದರಿಂದ ನಕಲು ಮಾಡಿದ ಡಿಸ್ಕ್ ಅದೇ ಯಂತ್ರದಲ್ಲಿ ಉಳಿಯುವುದಾದರೆ ಅದಕ್ಕೆ ಹೊಸ ಗುರುತು ಕೊಡಿ. ಇಎಕ್ಸ್‌ಟಿ4 ಆದರೆ ಯುಮೌಂಟ್ ಮಾಡಿ, ಒಮ್ಮೆ ಪೂರ್ತಿ ಪರೀಕ್ಷೆ ಓಡಿಸಿ, ‘ಟ್ಯೂನ್2ಎಫ್‌ಎಸ್’ ಆದೇಶಕ್ಕೆ ಅಡ್ಡಗೆರೆ, ದೊಡ್ಡಕ್ಷರದ ಯು, ‘ರ‍್ಯಾಂಡಮ್’ ಎಂದು ಕೊಟ್ಟರೆ ಹೊಸ ಯುಯುಐಡಿ ಬರುತ್ತದೆ. ಎಕ್ಸ್‌ಎಫ್‌ಎಸ್‌ಗೆ ‘ಎಕ್ಸ್‌ಎಫ್‌ಎಸ್_ಅಡ್ಮಿನ್’ ಆದೇಶ, ದೊಡ್ಡಕ್ಷರದ ಯು, ‘ಜನರೇಟ್’. ಎಕ್ಸ್‌ಎಫ್‌ಎಸ್ ಒಂದೇ ಗುರುತಿನ ಎರಡನೆಯದನ್ನು ಮೌಂಟ್ ಮಾಡಲು ಸಾಮಾನ್ಯವಾಗಿ ಒಪ್ಪುವುದಿಲ್ಲ, ಅದು ಒಳ್ಳೆಯ ಗುಣ. ಬಿಟಿಆರ್‌ಎಫ್‌ಎಸ್ ಬಳಸುವವರು ನಕಲು ಮತ್ತು ಅಸಲನ್ನು ಒಂದೇ ಯಂತ್ರಕ್ಕೆ ಸಿಕ್ಕಿಸಲೇಬಾರದು. ಅದು ಡಿಸ್ಕ್‌ಗಳನ್ನು ಗುರುತಿನಿಂದಲೇ ಒಂದು ಗುಂಪಾಗಿ ಕಟ್ಟುವುದರಿಂದ ಡೇಟಾ ಕೆಡುವ ಅಪಾಯವಿದೆ.

ಬೀಗ ಹಾಕಿದ ಲಕ್ಸ್ ಪಾರ್ಟಿಷನ್ ಬಳಸುವವರು ಎರಡು ಯುಯುಐಡಿ ನೋಡುತ್ತಾರೆ. ಹೊರಗಿನ ಬೀಗದ್ದು ‘ಕ್ರಿಪ್ಟ್‌ಟ್ಯಾಬ್’ ಫೈಲಿಗೆ, ಒಳಗಿನ ಫೈಲ್ ಸಿಸ್ಟಮ್ಮಿನದು ಎಫ್‌ಎಸ್‌ಟ್ಯಾಬಿಗೆ. ಎಲ್‌ವಿಎಂ ಬಳಸಿದವರಿಗೆ ಈ ಲೇಖನದ ಬಹುಭಾಗ ಬೇಕಿಲ್ಲ, ಅದರ ಹೆಸರುಗಳು ಮೊದಲಿನಿಂದಲೂ ಕಾಯಂ. ರೇಡ್ ಕಟ್ಟಿದವರು ಎಂಡಿಅಡ್ಮಿನ್ ಸೆಟ್ಟಿಂಗ್ ಫೈಲಿನಲ್ಲಿ ಅರೇಯ ಯುಯುಐಡಿ ಬರೆದು ಇನಿಟ್‌ರಾಮ್‌ಎಫ್‌ಎಸ್ ಹೊಸದಾಗಿ ಕಟ್ಟಬೇಕು, ಇಲ್ಲದಿದ್ದರೆ ಎಂಡಿ0 ಇದ್ದದ್ದು ಒಂದು ಬೆಳಗ್ಗೆ ಎಂಡಿ127 ಆಗಿರುತ್ತದೆ.

ಯುಡೆವ್ ನಿಯಮಗಳನ್ನು ನಾವೇ ಬರೆದು ಡಿಸ್ಕಿಗೆ /ಡೆವ್ ಕೆಳಗೆ ಇಷ್ಟದ ಹೆಸರು ಇಡಲೂ ಬರುತ್ತದೆ. ನಿಯಮ ಬರೆಯುವುದಾದರೆ ಸೀರಿಯಲ್ ನಂಬರ್ ಹಿಡಿದು ಹೊಸ ಕೊಂಡಿ ಮಾತ್ರ ಸೇರಿಸಿ, ಕರ್ನಲ್ ಕೊಟ್ಟ ಹೆಸರನ್ನೇ ಬದಲಿಸಲು ಹೋಗಬೇಡಿ. ಡಿಸ್ಕಿನ ಮಟ್ಟಿಗೆ ನನಗೆ ಇದರ ಅಗತ್ಯ ಕಾಣುವುದಿಲ್ಲ. ಸಿದ್ಧವಾಗಿರುವ ಕೊಂಡಿಗಳೇ ಸಾಕು, ನಾಳೆ ಯಂತ್ರ ನೋಡುವ ಇನ್ನೊಬ್ಬರಿಗೂ ಅವು ಅರ್ಥವಾಗುತ್ತವೆ.

ಡಿಸ್ಕ್ ಹಳೆಯದಾಗಿ ಬದಲಿಸುವ ದಿನಕ್ಕೆ ಈಗಲೇ ತಯಾರಿ ಮಾಡಿಡಿ. ಪ್ರತಿ ಡಿಸ್ಕಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕಕ್ಷರ, ಲೇಬಲ್, ಅಸಲೋ ನಕಲೋ ಎಂಬುದು, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಸಿಪಿಯು ಡಬ್ಬಿಯ ಒಳಮೈಗೆ ಅಂಟಿಸಿ. ಹೊಸ ಡಿಸ್ಕ್ ಬಂದಾಗ ಫಾರ್ಮ್ಯಾಟ್ ಮಾಡಿ, ಹಳೆಯದರಲ್ಲಿ ಇದ್ದದ್ದನ್ನೆಲ್ಲ ತುಂಬಿ, ಎಫ್‌ಎಸ್‌ಟ್ಯಾಬಿನಲ್ಲಿ ಯುಯುಐಡಿ ಬದಲಿಸಿ, ‘ಇದು-ಅಸಲು’ ಫೈಲನ್ನು ಹೊಸದರಲ್ಲಿ ಇಟ್ಟು ಹಳೆಯದರಿಂದ ತೆಗೆಯಿರಿ. ಲೇಬಲ್ ಬಳಸುವವರಿಗೆ ಎಫ್‌ಎಸ್‌ಟ್ಯಾಬ್ ಮುಟ್ಟುವ ಕೆಲಸವಿಲ್ಲ, ಹಳೆಯ ಡಿಸ್ಕಿನ ಲೇಬಲ್ಲನ್ನು ‘ಇ2ಲೇಬಲ್’ ಆದೇಶದಿಂದ ಮೊದಲು ಬದಲಿಸಿ, ಆಮೇಲೆ ಹೊಸದಕ್ಕೆ ಆ ಹೆಸರು ಇಟ್ಟರೆ ಸಾಕು. ಈ ಸರದಿಯನ್ನು ಹಿಂದುಮುಂದು ಮಾಡಬೇಡಿ, ಒಂದೇ ಹೆಸರಿನ ಎರಡು ಡಿಸ್ಕ್ ಇರುವಾಗ ಕರೆಂಟ್ ಹೋದರೂ ಹೋಗಬಹುದು.